ಮೀಟರು ಒಪ್ಪಿಕೊಂಡಿದ್ದ ಆಂಟೆನಾ

2022ರ ಜೂನ್ ತಿಂಗಳ ಕೊನೆಯ ಭಾಗದಲ್ಲಿ, ಮಳೆ ಹಿಡಿದು ಹತ್ತು ದಿನ ಕಳೆದಿದ್ದ ಒಂದು ಶನಿವಾರ ರಾತ್ರಿ, ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆಯ ಕಾಫಿ ತೋಟವೊಂದರ ರೈಟರು (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು) ನನಗೆ ಫೋನು ಮಾಡಿದರು. ಅವರ ಮಗ ಹಾಸನದಲ್ಲಿ ನನ್ನ ಬಳಿ ಹೈಸ್ಕೂಲು ವಿಜ್ಞಾನ ಓದಿದವನು. ನಾನು ಹ್ಯಾಮ್ ರೇಡಿಯೋ, ಅಂದರೆ ಪರವಾನಗಿ ಪಡೆದ ಹವ್ಯಾಸಿಗಳ ರೇಡಿಯೋ, ಇಟ್ಟುಕೊಂಡಿರುವ ವಿಷಯ ಅವನಿಂದಲೇ ಅವರಿಗೆ ತಿಳಿದಿತ್ತು. "ಮೇಷ್ಟ್ರೇ, ನಮ್ಮ ವಾಕಿ-ಟಾಕಿ ಬಂಗಲೆ ಅಂಗಳ ದಾಟಿದ್ರೆ ಕೇಳಿಸ್ತಿಲ್ಲ. ಹಾಕಿ ಇನ್ನೂ ಮೂರು ತಿಂಗಳು. ಬೇಸಿಗೆಯಲ್ಲಿ ಸುಮಾರಾಗಿತ್ತು, ಮಳೆ ಶುರುವಾದ ಮೇಲೆ ಸತ್ತೇ ಹೋಗಿದೆ," ಎಂದರು.

ಆ ಸೀಮೆಯಲ್ಲಿ ವಾಕಿ-ಟಾಕಿ ಅನುಕೂಲಕ್ಕಾಗಿ ಮಾತ್ರ ಇಟ್ಟುಕೊಳ್ಳುವ ವಸ್ತುವಲ್ಲ. ಆಲೂರು, ಸಕಲೇಶಪುರದ ತೋಟಗಳಲ್ಲಿ ಕಾಡಾನೆಗಳು ಬೆಳಗಿನ ಹೊತ್ತಿನಲ್ಲೇ ಕಾಫಿ ಗಿಡಗಳ ನಡುವೆ ನಿಂತಿರುತ್ತವೆ, ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲ. ಆನೆ ಹಳ್ಳ ದಾಟಿದ ಸುದ್ದಿ ಲೈನ್ ಮನೆಯಿಂದ ಹೊರಟ ಆಳುಗಳಿಗೆ ಕೆಲಸದ ಜಾಗ ಮುಟ್ಟುವ ಮುಂಚೆ ಸಿಗಬೇಕು. ಆ ವಾರ ಒಂದು ದಿನ ಸುದ್ದಿ ಹೇಳಲು ಒಬ್ಬರು ಬೈಕಿನಲ್ಲಿ, ಆನೆ ಇರುವ ದಾರಿಯಲ್ಲೇ, ಹೋಗಬೇಕಾಯಿತಂತೆ. ಇದನ್ನು ಕೇಳಿದ ಮೇಲೆ ಮರುದಿನವೇ ಹೊರಡುವುದೆಂದು ತೀರ್ಮಾನಿಸಿ, ನನಗೆ ರೇಡಿಯೋ ಕಲಿಸಿದ ರಾಯರನ್ನೂ ಬರಬೇಕೆಂದು ಕೇಳಿಕೊಂಡೆ.

ರಾಯರು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹಗಲು ಕಾರ್ಖಾನೆಯಲ್ಲಿ ವೃತ್ತಿಪರರು, ರಾತ್ರಿ ಮನೆಯಲ್ಲಿ ಹವ್ಯಾಸಿಗಳು. ಎರಡೂ ಒಬ್ಬರಲ್ಲೇ ಇದ್ದುದರಿಂದಲೋ ಏನೋ, ಹ್ಯಾಮ್‌ಗಳು ಒಟ್ಟು ಸೇರಿದಾಗ "ದುಡ್ಡಿಗೆ ಮಾಡುವವರ ಕೆಲಸ ಇಷ್ಟೇ" ಎಂದು ಹಗುರವಾಗಿ ಆಡುವ ಮಾತನ್ನು ಅವರು ಎಂದೂ ಸಹಿಸಲಿಲ್ಲ. ಹಾಗೆಯೇ ಹವ್ಯಾಸಿ ಎಂಬ ಪದವನ್ನು ಅರೆಬರೆ ಎಂಬ ಅರ್ಥದಲ್ಲಿ ಯಾರಾದರೂ ಬಳಸಿದರೂ ಸುಮ್ಮನಿರುತ್ತಿರಲಿಲ್ಲ. ಆ ಬೆಳಿಗ್ಗೆ ಕಾರಿನಲ್ಲಿ ಮಾತು ಅಲ್ಲಿಗೇ ಬಂತು. 1912ರಲ್ಲಿ ಅಮೆರಿಕದ ಕಾನೂನು ಹವ್ಯಾಸಿಗಳನ್ನು 200 ಮೀಟರಿಗಿಂತ ಕಡಿಮೆ ತರಂಗಾಂತರಕ್ಕೆ ತಳ್ಳಿತು. ದೂರದ ಸಂಪರ್ಕಕ್ಕೆ ಅವು ಪ್ರಯೋಜನವಿಲ್ಲವೆಂದು ಆಗಿನ ವೃತ್ತಿನಿರತರು ನಂಬಿದ್ದರು. 1923ರ ನವೆಂಬರಿನಲ್ಲಿ ಫ್ರಾನ್ಸಿನ ಒಬ್ಬ ಹವ್ಯಾಸಿಯೂ ಅಮೆರಿಕದ ಒಬ್ಬ ಹವ್ಯಾಸಿಯೂ ಅದೇ ತರಂಗಗಳಲ್ಲಿ ಅಟ್ಲಾಂಟಿಕ್ ದಾಟಿ ಪರಸ್ಪರ ಸಂದೇಶ ವಿನಿಮಯ ಮಾಡಿಕೊಂಡರು. ಅಷ್ಟು ದೂರವೇಕೆ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಆರಂಭಿಸಿದ ಪ್ರಸಾರ ಕೇಂದ್ರದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಬಂತಲ್ಲ, ಎಂದು ರಾಯರು ಹೇಳುತ್ತಿದ್ದಂತೆ ಯಸಳೂರಿನ ತಿರುವು ಬಂತು.

ಹೊರಡುವ ಮೊದಲೇ ರಾಯರು ರೈಟರಿಗೆ ಒಂದು ಮಾತು ಹೇಳಿದ್ದರು: ಆಂಟೆನಾ ಕಟ್ಟಿದವರನ್ನೂ ಕರೆಸಬೇಕು, ಅವರಿಲ್ಲದೆ ಬಿಚ್ಚುವುದು ಸರಿಯಲ್ಲ. ನಾವು ಮುಟ್ಟುವ ಹೊತ್ತಿಗೆ ಗುತ್ತಿಗೆದಾರರು ಕಳಿಸಿದ್ದ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗನೊಬ್ಬ ಮಳೆಯಂಗಿ ತೊಟ್ಟು ಬಂಗಲೆಯ ಜಗಲಿಯಲ್ಲಿ ಕಾಯುತ್ತಿದ್ದ. ಅವನ ಮುಖದಲ್ಲಿದ್ದ ಅಳುಕನ್ನು ಕಂಡು ನನಗೆ ಸಂಕಟವಾಯಿತು.

ತೋಟದವರು ಕ್ರಮವಾಗಿ ಪರವಾನಗಿ ಪಡೆದು ತಮಗೆ ಹಂಚಿಕೆಯಾದ ವಿಎಚ್‌ಎಫ್ (ಅತಿ ಉನ್ನತ) ಆವರ್ತನದಲ್ಲೇ ಮಾತನಾಡುತ್ತಿದ್ದರು. ಹ್ಯಾಮ್ ಪರವಾನಗಿ ಇದೆಯೆಂದು ನಾವು ಆ ಆವರ್ತನದಲ್ಲಿ ಪ್ರಸಾರ ಮಾಡುವಂತಿಲ್ಲ, ಹ್ಯಾಮ್‌ಗೆ ಮೀಸಲಾದ 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ತೋಟದ ವ್ಯವಹಾರ ಮಾತನಾಡಲು ಅವರಿಗೂ ಅವಕಾಶವಿಲ್ಲ. ಆದ್ದರಿಂದ ಆ ದಿನ ಪರೀಕ್ಷೆಗೆಂದು ಪ್ರತಿ ಸಲ ಮೈಕಿನ ಗುಂಡಿ ಒತ್ತಿದವರು ರೈಟರೇ.

ಆಫೀಸು ಕೋಣೆಯಲ್ಲಿ 25 ವ್ಯಾಟಿನ ಬೇಸ್ ಸೆಟ್ಟು ಇತ್ತು. ಅಲ್ಲಿಂದ ಹೊರಟ 30 ಮೀಟರ್ ಕೇಬಲ್ಲು ಗೋಡೆಯ ತೂತಿನಿಂದ ಹೊರಬಿದ್ದು, ಬಂಗಲೆಯ ಪಕ್ಕದ ಸಿಲ್ವರ್ ಓಕ್ ಮರ ಹತ್ತಿ, ಮರದ ತುದಿಗೆ ಕ್ಲಾಂಪು ಹಾಕಿ ನಿಲ್ಲಿಸಿದ ಕಬ್ಬಿಣದ ಕೊಳವೆಯ ಮೇಲಿನ ಆಂಟೆನಾ ಸೇರುತ್ತಿತ್ತು. ಹುಡುಗ ತನ್ನ ಚೀಲದಿಂದ ಎಸ್‌ಡಬ್ಲ್ಯುಆರ್ ಮೀಟರು ತೆಗೆದು ಜೋಡಿಸಿ ತೋರಿಸಿದ. ಸೆಟ್ಟಿನಿಂದ ಹೋದ ಶಕ್ತಿಯಲ್ಲಿ ಎಷ್ಟು ಪಾಲು ಆಂಟೆನಾ ಒಪ್ಪದೆ ಹಿಂದಿರುಗುತ್ತಿದೆ ಎಂಬುದನ್ನು ಆ ಮೀಟರಿನ ಅಂಕಿ ಹೇಳುತ್ತದೆ. 1 ಇದ್ದರೆ ಏನೂ ಹಿಂದಿರುಗುತ್ತಿಲ್ಲ ಎಂದರ್ಥ, ಅಂಕಿ ಏರಿದಷ್ಟೂ ಹಿಂದಿರುಗುವ ಪಾಲು ಹೆಚ್ಚು. ಮುಳ್ಳು 1.3ರಲ್ಲಿ ನಿಂತಿತು.

"ಸಾರ್, 2ರ ಒಳಗಿದ್ರೆ ಸರಿ ಅಂತ ಹೇಳಿಕೊಟ್ಟಿದಾರೆ. ಹಾಕಿದ ದಿನಾನೂ ಒಳಗೇ ಇತ್ತು," ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ.

ರಾಯರು ಏನೂ ಹೇಳದೆ, ಮರಗಸಿ ಮಾಡುವ (ನೆರಳಿನ ಮರಗಳ ಕೊಂಬೆ ಸವರುವ) ತೋಟದ ಆಳೊಬ್ಬರನ್ನು ಕರೆಸಿ, ಮೇಲೆ ಹತ್ತಿ ಕೇಬಲ್ಲನ್ನು ಆಂಟೆನಾದಿಂದ ಪೂರ್ತಿ ಬಿಚ್ಚಿ ಕೆಳಗಿಳಿದು ಬರುವಂತೆ ಕೇಳಿದರು. ಅವರು ಇಳಿದು ಮರದಿಂದ ದೂರ ಸರಿಯುವವರೆಗೆ ಮೈಕು ಮುಟ್ಟದಂತೆ ರೈಟರಿಗೆ ಎರಡು ಸಲ ಹೇಳಿ, ಸೆಟ್ಟನ್ನು ಕಡಿಮೆ ಶಕ್ತಿಗೆ ಇಳಿಸಿ, ಆಮೇಲೆ ಒಂದು ಕ್ಷಣ ಗುಂಡಿ ಒತ್ತಿಸಿದರು. ಈಗ ಕೇಬಲ್ಲಿನ ತುದಿಯಲ್ಲಿ ಏನೂ ಇರಲಿಲ್ಲ. ಮುಳ್ಳು 1.4 ತೋರಿಸಿತು.

ಹುಡುಗ ಮೀಟರಿನ ಹತ್ತಿರಕ್ಕೆ ಬಗ್ಗಿದ. ಇನ್ನೊಮ್ಮೆ ಒತ್ತಿಸಿ ನೋಡಿದ. ಆಂಟೆನಾ ಇದ್ದರೂ ಇಲ್ಲದಿದ್ದರೂ ಮೀಟರಿಗೆ ವ್ಯತ್ಯಾಸವೇ ತಿಳಿಯುತ್ತಿಲ್ಲ ಎಂಬುದು ಅವನಿಗೆ ಅರ್ಥವಾದ ಆ ಗಳಿಗೆಯನ್ನು ನಾನು ಮರೆತಿಲ್ಲ.

ಇದರ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ದಿನದ ವಿಷಯ ಇದರಲ್ಲೇ ಇದೆ. ಗುತ್ತಿಗೆದಾರರು ಕೊಟ್ಟಿದ್ದು ಬೆರಳಿಗಿಂತ ತೆಳ್ಳಗಿನ ಆರ್‌ಜಿ-58 ಕೇಬಲ್ಲು. ಆ ಆವರ್ತನದಲ್ಲಿ 30 ಮೀಟರ್ ಉದ್ದಕ್ಕೆ ಅದು ಹತ್ತಿರ ಹತ್ತಿರ 6 ಡೆಸಿಬೆಲ್ ನುಂಗುತ್ತದೆ, ಅಂದರೆ ಹೊಸದಾಗಿ, ಒಣಗಿರುವಾಗಲೂ ಸೆಟ್ಟು ಕೊಟ್ಟ ಶಕ್ತಿಯಲ್ಲಿ ಕಾಲು ಭಾಗ ಮಾತ್ರ ಮೇಲೆ ಮುಟ್ಟುತ್ತದೆ. ಮೇಲೆ ಆಂಟೆನಾ ಇಲ್ಲದೆ ಆ ಕಾಲು ಭಾಗ ಪೂರ್ತಿ ಹಿಂದಿರುಗಿದರೂ, ಕೆಳಗೆ ಬರುವಷ್ಟರಲ್ಲಿ ಅದರಲ್ಲೂ ಮುಕ್ಕಾಲು ಪಾಲು ಕರಗಿ, ಕೊನೆಗೆ ಮೀಟರಿಗೆ ಕಾಣುವುದು ಹದಿನಾರರಲ್ಲಿ ಒಂದು ಪಾಲು. ಲೆಕ್ಕ ಹಾಕಿದರೆ ಅದು 1.7ರ ಹತ್ತಿರ ಬರುತ್ತದೆ. 2ರ ಒಳಗಿದ್ದರೆ ಸರಿ ಎಂಬ ನಿಯಮದ ಪ್ರಕಾರ ಆ ಮರದ ಮೇಲೆ ಆಂಟೆನಾವನ್ನು ಹಾಕದೆಯೇ ಹೋಗಿದ್ದರೂ ಮೊದಲ ದಿನ ಕೆಲಸ ತೇರ್ಗಡೆಯಾಗುತ್ತಿತ್ತು. ಮಳೆ ನೀರು ಸೇರಿ ಕೇಬಲ್ಲು ಇನ್ನಷ್ಟು ಕೆಟ್ಟಂತೆ ಮೀಟರಿನ ಅಂಕಿ ಇನ್ನಷ್ಟು ಚೆನ್ನಾಗುತ್ತ ಹೋಗಿತ್ತು.

ಕೇಬಲ್ಲನ್ನು ಪೂರ್ತಿ ಇಳಿಸಿ, ಅದರ ತುದಿಗೆ ಶಕ್ತಿ ಅಳೆಯುವ ಮೀಟರನ್ನೂ, ಆಂಟೆನಾದ ಬದಲು ಶಕ್ತಿಯನ್ನು ಹೀರಿಕೊಳ್ಳುವ ಡಮ್ಮಿ ಲೋಡನ್ನೂ ಸೇರಿಸಿ ಅಳೆದೆವು. ಈ ಕಡೆ 25 ವ್ಯಾಟು, ಆ ಕಡೆ 4 ವ್ಯಾಟು. ಬರುವ ಸಂಕೇತಕ್ಕೂ ಇದೇ ಗತಿ: ಹಳ್ಳದಾಚೆಯಿಂದ 5 ವ್ಯಾಟಿನ ಕೈಸೆಟ್ಟಿನಲ್ಲಿ ಕೂಗಿದವರ ದನಿ ಮರದ ತುದಿಯವರೆಗೆ ಬಂದು, ಕೇಬಲ್ಲಿನಲ್ಲಿ ಇಂಗಿಹೋಗುತ್ತಿತ್ತು.

ಮೇಲಿನ ಕನೆಕ್ಟರಿಗೆ ಸುತ್ತಿದ್ದ ಕರಿಯ ಪಿವಿಸಿ ಟೇಪನ್ನು ರಾಯರು ಬ್ಲೇಡಿನಿಂದ ಸೀಳಿದಾಗ ಒಂದು ಚಮಚೆಯಷ್ಟು ನೀರು ನನ್ನ ಅಂಗೈಗೆ ಬಿತ್ತು. ಹೊರಗಿನ ತಾಮ್ರದ ಹೆಣಿಗೆಗೆ ಬೆಸುಗೆ ಹಾಕಿರಲಿಲ್ಲ. ಹಿಂದಕ್ಕೆ ಮಡಚಿ, ಕನೆಕ್ಟರಿನ ಒಳಗೆ ತುರುಕಿ, ತಿರುಪಿದ್ದರು. ಒಂದಡಿ ಉದ್ದ ಕತ್ತರಿಸಿ ಬಿಡಿಸಿದರೂ ಹೆಣಿಗೆ ಹಸಿರು ಕಿಲುಬು ಹಿಡಿದಿತ್ತು, ಮತ್ತೊಂದಡಿ ಕತ್ತರಿಸಿದರೆ ಕಪ್ಪಗಾಗಿತ್ತು. ಕೆಳಗೆ ಕೇಬಲ್ಲು ಗೋಡೆಯ ತೂತಿನೊಳಕ್ಕೆ ನೇರ ಇಳಿದಿದ್ದರಿಂದ, ಅದರ ಹೊರಮೈಯ ನೀರು ಒಳಗೆ ಹರಿದು ಗೋಡೆ ನೆನೆದಿತ್ತು. ಒಳಹೋಗುವ ಮುನ್ನ ಕೇಬಲ್ಲನ್ನು ತೂತಿಗಿಂತ ತಗ್ಗಿಗೆ ಬಾಗಿಸಿದ್ದರೆ ನೀರು ಆ ಬಾಗಿನಿಂದಲೇ ತೊಟ್ಟಿಕ್ಕಿ ಹೋಗುತ್ತಿತ್ತು. ಸಿಡಿಲಿಗೆ ನೆಲಸಂಪರ್ಕವೂ ಇರಲಿಲ್ಲ, ಅದಂತೂ ಅಕ್ಷಮ್ಯ.

ನನಗೆ ಕೋಪ ಬಂದಿತ್ತು. ಹುಡುಗನ ಮೇಲಲ್ಲ. ದಿನಕ್ಕೆ ಎರಡು ಕಡೆ ಆಂಟೆನಾ ಹಾಕಿ ಬರಬೇಕು, ಕೇಬಲ್ಲು, ಕನೆಕ್ಟರು ಕೊಟ್ಟಷ್ಟರಲ್ಲೇ ಮುಗಿಸಬೇಕು, ಬೆಸುಗೆ ಕೋಲನ್ನು ಅವನಿಗೆ ಯಾರೂ ಕೊಟ್ಟಿರಲೇ ಇಲ್ಲ. ಕೇಬಲ್ಲು ಎಷ್ಟು ನುಂಗುತ್ತದೆ ಎಂಬ ಪ್ರಶ್ನೆಯನ್ನು ಕೆಲಸ ಕೊಟ್ಟವರೂ ಕೇಳಿರಲಿಲ್ಲ, ಹಣ ಕೊಟ್ಟವರಿಗೂ ಕೇಳಬೇಕೆಂದು ತಿಳಿದಿರಲಿಲ್ಲ. ಅದನ್ನು ವೃತ್ತಿಪರ ಕೆಲಸ ಎಂದು ರಸೀದಿಯಲ್ಲಿ ಬರೆದ ಮಾತ್ರಕ್ಕೆ ಆ ವೃತ್ತಿಗೇ ಅಪವಾದ ಹೊರಿಸುವುದನ್ನು ನಾನು ಒಪ್ಪಲಾರೆ. ಏಕೆಂದರೆ, ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ನನ್ನನ್ನು ತಿದ್ದಿದವರು ಒಬ್ಬ ವೃತ್ತಿಪರರು.

1991ರಲ್ಲಿ ಪರವಾನಗಿ ಸಿಕ್ಕ ಹೊಸತರಲ್ಲಿ 40 ಮೀಟರ್ ತರಂಗಾಂತರದ ಬ್ಯಾಂಡಿಗೆಂದು ಮನೆಯ ಹಿಂದೆ ಎರಡು ತೆಂಗಿನ ಮರಗಳ ನಡುವೆ 20 ಮೀಟರ್ ಉದ್ದದ ತಂತಿ ಕಟ್ಟಿದ್ದೆ. ನಡುವಿನ ಕೂಡಿಕೆಯನ್ನು ತಿರುಚಿ ಟೇಪು ಸುತ್ತಿದ್ದೆ. ಮಾತು ಚೆನ್ನಾಗಿ ಹೋಗುತ್ತಿತ್ತು, ಹೆಮ್ಮೆಯೂ ಇತ್ತು. ಮಳೆಗಾಲ ಮುಗಿದ ಮೇಲೆ ಮನೆಗೆ ಬಂದ ರಾಯರು ಅದನ್ನು ಇಳಿಸಿ, ಕೂಡಿಕೆಯನ್ನು ನನ್ನ ಕೈಯಲ್ಲೇ ಬಿಚ್ಚಿಸಿ ಕಿಲುಬು ತೋರಿಸಿದರು. ಇನ್ನೂ ಗಟ್ಟಿಯಾದ ಪಾಠ ಸಿಕ್ಕಿದ್ದು ಅದಾದ ಹಲವು ವರ್ಷಗಳ ಮೇಲೆ. ನಾವು ನಾಲ್ಕು ಜನ ಹ್ಯಾಮ್‌ಗಳು ಸೇರಿ ಬೆಟ್ಟವೊಂದರ ಮೇಲೆ, ಬಂದ ಸಂಕೇತವನ್ನು ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ರಿಪೀಟರು ನಿಲ್ಲಿಸಿದ್ದೆವು. ಬೆಸುಗೆ ಅಚ್ಚುಕಟ್ಟಾಗಿತ್ತು, ಕೇಬಲ್ಲು ಒಳ್ಳೆಯದಿತ್ತು. ರಾಯರು ಪೆಟ್ಟಿಗೆಯ ಬಾಗಿಲು ತೆಗೆದು ಬಹಳ ಹೊತ್ತು ನೋಡಿ, "ನೀನು ಊರಲ್ಲಿಲ್ಲದ ದಿನ ಇದು ಕೆಟ್ಟರೆ ಯಾರಪ್ಪ ರಿಪೇರಿ ಮಾಡ್ತಾರೆ?" ಎಂದು ಕೇಳಿದರು. ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂಬುದು ನನ್ನ ತಲೆಯಲ್ಲಿ ಮಾತ್ರ ಇತ್ತು. ಚೀಟಿಯಿಲ್ಲ, ನಕ್ಷೆಯಿಲ್ಲ, ಹಾಕಿದ ದಿನದ ಅಳತೆಯ ಲೆಕ್ಕವಿಲ್ಲ. ನಮ್ಮ ಹವ್ಯಾಸಿಗಳ ದೊಡ್ಡ ಕೊರತೆ ಇದೇ ಎಂದು ನನಗೆ ಈಗಲೂ ಅನ್ನಿಸುತ್ತದೆ: ಒಂದು ಕೂಡಿಕೆಗೆ ಇಡೀ ಸಂಜೆ ಕೊಡುವಷ್ಟು ಪ್ರೀತಿ ನಮ್ಮಲ್ಲಿದೆ, ನಮ್ಮ ನಂತರ ಬರುವವನಿಗಾಗಿ ಅರ್ಧ ಪುಟ ಬರೆದಿಡುವ ತಾಳ್ಮೆ ಬಹಳ ಜನರಲ್ಲಿಲ್ಲ. ಆ ಅರ್ಧ ಪುಟವನ್ನು ಬರೆಯದೆ ಕೆಲಸ ಮುಗಿಯಿತೆಂದು ಹೇಳಬಾರದೆಂಬುದನ್ನು ರಾಯರು ಕಲಿತದ್ದು ಕಾರ್ಖಾನೆಯಲ್ಲಿ.

ರಾಯರು ತಮ್ಮ ಮನೆಯ ಹೊಸ ಆಂಟೆನಾಕ್ಕೆಂದು ತರಿಸಿಟ್ಟಿದ್ದ, ಶಕ್ತಿಯನ್ನು ಕಡಿಮೆ ನುಂಗುವ ದಪ್ಪನೆಯ ಎಲ್‌ಎಂಆರ್-400 ಕೇಬಲ್ಲಿನ ಸುರುಳಿಯನ್ನು ಕಾರಿನಲ್ಲಿ ತಂದಿದ್ದರು. ಅಷ್ಟೇ ಉದ್ದದ ಬದಲಿ ಕೇಬಲ್ಲನ್ನು ತೋಟದವರು ಆಮೇಲೆ ತರಿಸಿಕೊಡುವುದೆಂದು ಮಾತಾಯಿತು. ಜಗಲಿಯಲ್ಲಿ ಚಾಪೆ ಹಾಸಿ ಕುಳಿತೆವು. ಮೊದಲ ಕನೆಕ್ಟರನ್ನು ರಾಯರು ಹಾಕಿದರು: ಹೊರಪೊರೆ ಎಷ್ಟು ಸುಲಿಯಬೇಕೆಂಬುದನ್ನು ಅಳತೆ ಪಟ್ಟಿಯಲ್ಲಿ ನೋಡಿ ಗುರುತು ಹಾಕಿಕೊಂಡು, ಹೆಣಿಗೆಯ ಒಂದು ಎಳೆಯೂ ತುಂಡಾಗದಂತೆ ಸುಲಿದು, ನಡುವಿನ ಪಿನ್ನಿಗೆ ಬೆಸುಗೆ ಹಾಕಿ, ಹೊರಬಳೆಯನ್ನು ಅದರದೇ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿದರು. ಎರಡನೆಯದನ್ನು ಹುಡುಗನ ಕೈಗೆ ಕೊಟ್ಟರು.

"ಕೆಟ್ಟುಹೋದ್ರೆ ಸಾರ್?"

"ಇನ್ನೂ ಎರಡು ಕನೆಕ್ಟರ್ ತಂದಿದೀನಿ, ಮಾಡಪ್ಪ."

ಮೊದಲನೆಯ ಪ್ರಯತ್ನದಲ್ಲಿ ಪಿನ್ನು ವಾರೆಯಾಯಿತು, ಕತ್ತರಿಸಿ ಎಸೆದ. ಎರಡನೆಯದು ಸರಿಯಾಯಿತು. ತನ್ನಷ್ಟಕ್ಕೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತುವುದನ್ನು, ಅದರ ಮೇಲೆ ಪಿವಿಸಿ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸುವ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಸುತ್ತುವುದನ್ನು ನಾನು ತೋರಿಸಿದೆ. ಮಲೆನಾಡಿನ ಹುಡುಗ, ಹೆಂಚಿನ ಮಾತು ಹೇಳಿದ ಮೇಲೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಮರದ ಬುಡದಲ್ಲಿ ನೆಲಕ್ಕೆ ತಾಮ್ರದ ಸರಳು ಹೊಡೆದು ಸಿಡಿಲು ತಡೆಯನ್ನು ಜೋಡಿಸುವಷ್ಟರಲ್ಲಿ ಮಧ್ಯಾಹ್ನ ಮೂರು ದಾಟಿತ್ತು.

ಹೊಸ ಕೇಬಲ್ಲಿನ ತುದಿಯಲ್ಲಿ 17 ವ್ಯಾಟಿಗಿಂತ ಸ್ವಲ್ಪ ಹೆಚ್ಚು ಸಿಕ್ಕಿತು. ಕೇಬಲ್ಲನ್ನು ಮೇಲೇರಿಸಿದ ಮೇಲೆ ಆಂಟೆನಾ ಸೇರಿಸುವ ಮುನ್ನ ಹುಡುಗನೇ ಕೇಳಿಕೊಂಡು, ಮರ ಹತ್ತಿದವರನ್ನು ಕೆಳಗಿಳಿಸಿ, ಕಡಿಮೆ ಶಕ್ತಿಯಲ್ಲಿ ಒಂದು ಕ್ಷಣ ಮೀಟರು ನೋಡಿದ. ಮುಳ್ಳು ಈ ಬಾರಿ 6ರ ಹತ್ತಿರಕ್ಕೆ ಜಿಗಿಯಿತು; ಆಂಟೆನಾ ಇಲ್ಲವೆಂದು ಮೀಟರು ಈಗ ಹೇಳಬಲ್ಲದಾಗಿತ್ತು. ಸೇರಿಸಿದ ಮೇಲೆ 1.2ಕ್ಕೆ ಇಳಿಯಿತು. ರೈಟರು ಹಳ್ಳದಾಚೆಯ ಬ್ಲಾಕನ್ನು ಕರೆದರು. "ಕೇಳ್ತಿದೆ ಅಣ್ಣಾ, ಪಕ್ಕದಲ್ಲೇ ನಿಂತು ಮಾತಾಡ್ದಂಗಿದೆ," ಎಂಬ ದನಿ ಮಳೆಯ ಸದ್ದಿನೊಳಗಿಂದ ಸ್ಪಷ್ಟವಾಗಿ ಬಂತು. ರೈಟರು ತಕ್ಷಣ ಕೇಳಿದ್ದು ಆನೆಗಳು ಯಾವ ಕಡೆ ಇವೆ ಎಂದು.

ಹೊರಡುವ ಮೊದಲು ಒಂದು ಹಾಳೆಯಲ್ಲಿ ಕೇಬಲ್ಲಿನ ಬಗೆ, ಉದ್ದ, ಹಾಕಿದ ತಾರೀಕು, ಎರಡೂ ತುದಿಯ ವ್ಯಾಟು, ಆಂಟೆನಾ ಇದ್ದಾಗಿನ ಮತ್ತು ಇಲ್ಲದಾಗಿನ ಮೀಟರಿನ ಅಂಕಿ ಬರೆದು ಸೆಟ್ಟಿನ ಪಕ್ಕದ ಬೀರುವಿನ ಬಾಗಿಲಿನ ಒಳಮೈಗೆ ಅಂಟಿಸಿದೆವು. ಕೆಲಸ ಮಾಡಿದವರು ಎಂಬಲ್ಲಿ ರಾಯರು ಹುಡುಗನ ಹೆಸರನ್ನೇ ಬರೆಸಿದರು. ಮರುವರ್ಷ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಅವನು ತಾನಾಗಿಯೇ ಯಸಳೂರಿಗೆ ಹೋಗಿ ಮೇಲಿನ ಟೇಪು ಸೀಳಿ ನೋಡಿ, ಹೊಸದಾಗಿ ಸುತ್ತಿ, ಎರಡು ಚಿತ್ರ ಕಳಿಸಿದ. ಒಂದರಲ್ಲಿ ಬಿಚ್ಚಿದ ಕನೆಕ್ಟರು, ಕಿಲುಬಿನ ಒಂದು ಚುಕ್ಕೆಯೂ ಇಲ್ಲ. ಇನ್ನೊಂದರಲ್ಲಿ ಬೀರುವಿನ ಬಾಗಿಲಿನ ಹಾಳೆ, ಅದರ ಕೆಳಗೆ ಅವನ ಅಕ್ಷರದಲ್ಲಿ ಹೊಸ ತಾರೀಕು, 1.2.