ಡಬ್ಬಿ ಪೇಂಟಿನ ಕಾಲ

ಕ್ಯಾನ್‌ವಾಸಿನ ಮೇಲೆ ಬಣ್ಣ ಸುರಿದು ಬರೆದ ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್‌ನ ಚಿತ್ರದ ಮುಂದೆ ನಿಂತವರ ಬಾಯಲ್ಲಿ ಸಾಮಾನ್ಯವಾಗಿ ಬರುವ ಮಾತು ಎರಡು. ಒಂದು, "ನಮ್ಮನೆ ಮಗೂನೂ ಇದನ್ನ ಮಾಡುತ್ತೆ." ಇನ್ನೊಂದು, "ಇದು ಅಂತರಂಗದ ಆಸ್ಫೋಟ." ಮೊದಲನೆಯವರಿಗೆ ಕೈಚಳಕ ಕಾಣುವುದಿಲ್ಲ, ಎರಡನೆಯವರಿಗೆ ಪೇಂಟಿನ ಡಬ್ಬಿ ಕಾಣುವುದಿಲ್ಲ. ಎರಡನೇ ಮಹಾಯುದ್ಧದ ಹಿಂದುಮುಂದೆ ನ್ಯೂಯಾರ್ಕಿನಲ್ಲಿ ಬೆಳೆದ ಈ ಕಲಾಪಂಥವನ್ನು, ಅಂದರೆ ಅಮೂರ್ತ ಅಭಿವ್ಯಕ್ತಿವಾದವನ್ನು, ಡಬ್ಬಿಯ ಕಡೆಯಿಂದ ನೋಡಿದರೆ ಬಹಳಷ್ಟು ಸಂಗತಿ ಬಿಡಿಸಿಕೊಳ್ಳುತ್ತದೆ. ಆ ಚಿತ್ರಗಳು ಹಾಗೇಕೆ ಆದವು ಎನ್ನುವುದೂ, ಇವತ್ತು ಹೇಗೆ ಹಾಳಾಗುತ್ತಿವೆ ಎನ್ನುವುದೂ.

ಮೊದಲು ದುಡ್ಡಿನ ಮಾತು. ಟ್ಯೂಬಿನಲ್ಲಿ ಬರುವ ಕಲಾವಿದರ ತೈಲವರ್ಣ ಆಗಲೂ ದುಬಾರಿ. ಮನೆಗೆ ಹೊಡೆಯುವ ಎನಾಮೆಲ್ ಅಗ್ಗ, ಗ್ಯಾಲನ್ ಲೆಕ್ಕದಲ್ಲಿ ಸಿಗುತ್ತಿತ್ತು. ವಿಲೆಮ್ ಡ ಕೂನಿಂಗ್ 1926ರಲ್ಲಿ ಹಾಲೆಂಡಿನಿಂದ ಹಡಗಿನಲ್ಲಿ ಕದ್ದು ಕೂತು ಅಮೆರಿಕಕ್ಕೆ ಬಂದವನು. ಹೊಬೋಕನ್ ಊರಿನಲ್ಲಿ ಮನೆಗಳಿಗೆ ಬಣ್ಣ ಹೊಡೆದು ಹೊಟ್ಟೆ ಹೊರೆದ. ಬೋರ್ಡ್ ಬರೆಯುವವರು ಬಳಸುವ ಉದ್ದ ಕೂದಲಿನ ಸಪೂರ ಬ್ರಷ್ಷು ಅವನ ಕೈ ಬಿಡಲೇ ಇಲ್ಲ. ಅವನ ಚಿತ್ರಗಳಲ್ಲಿ ಚಾವಟಿ ಬೀಸಿದ ಹಾಗೆ ಓಡುವ ಗೆರೆಗಳ ಗುಟ್ಟು ಅದೇ. 1948ರ ಅವನ ಮೊದಲ ಪ್ರದರ್ಶನದಲ್ಲಿದ್ದ ಕಪ್ಪು-ಬಿಳಿ ಚಿತ್ರಗಳಲ್ಲಿ ಇಂಥ ಎನಾಮೆಲ್ಲೇ ಜಾಸ್ತಿ. ಕಪ್ಪು ಬಿಳುಪಿನ ಹಿಂದೆ ದೊಡ್ಡ ತತ್ತ್ವ ಹುಡುಕುವವರು ಪೇಂಟ್ ಅಂಗಡಿಯ ದರಪಟ್ಟಿಯನ್ನೂ ಒಮ್ಮೆ ನೆನೆಯಬೇಕು.

ಎರಡನೆಯದು ಸರ್ಕಾರ. ಆರ್ಥಿಕ ಕುಸಿತದ ಕಾಲದಲ್ಲಿ, 1935ರಿಂದ 1943ರವರೆಗೆ, ಫೆಡರಲ್ ಆರ್ಟ್ ಪ್ರಾಜೆಕ್ಟ್ ಕಲಾವಿದರಿಗೆ ವಾರದ ಸಂಬಳ ಕೊಟ್ಟಿತು. ಪೊಲಾಕ್, ರಾಥ್ಕೊ, ಗೋರ್ಕಿ, ಲೀ ಕ್ರಾಸ್ನರ್ ಎಲ್ಲರೂ ಆ ಪಟ್ಟಿಯಲ್ಲಿದ್ದರು. ಪೌರತ್ವ ಇಲ್ಲದ ಡ ಕೂನಿಂಗ್ ಮಧ್ಯದಲ್ಲೇ ಬಿಡಬೇಕಾಯಿತು. ಮೂರನೆಯದು ಮೆಕ್ಸಿಕೊ. 1936ರಲ್ಲಿ ಭಿತ್ತಿಚಿತ್ರಕಾರ ದಾವೀದ್ ಸಿಕೇರೋಸ್ ನ್ಯೂಯಾರ್ಕಿನಲ್ಲಿ ಪ್ರಯೋಗಶಾಲೆಯೊಂದನ್ನು ತೆರೆದ. ಕಾರಿಗೆ ಹೊಡೆಯುವ ಡ್ಯೂಕೊ ಬಣ್ಣ, ಸ್ಪ್ರೇ ಗನ್, ನೆಲದ ಮೇಲೆ ಮಲಗಿಸಿದ ಹಲಗೆ, ಸುರಿದು ಹರಿಯಬಿಡುವುದು, ಎಲ್ಲವೂ ಅಲ್ಲಿ ನಡೆಯಿತು. ಇಪ್ಪತ್ತನಾಲ್ಕರ ಪೊಲಾಕ್ ಅಲ್ಲಿ ಕೆಲಸ ಮಾಡುತ್ತಿದ್ದ. ಸುರಿಯುವುದನ್ನು 1947ರಲ್ಲಿ ಪೊಲಾಕ್ ಕಂಡುಹಿಡಿದ ಎಂದು ಬರೆಯುವವರು ಅದಕ್ಕೂ ಹನ್ನೊಂದು ವರ್ಷ ಹಿಂದಿನ ಈ ಪಾಠವನ್ನು ನುಂಗಿಬಿಡುತ್ತಾರೆ.

1940ರಲ್ಲಿ ಪ್ಯಾರಿಸ್ ಹಿಟ್ಲರನ ಕೈಗೆ ಬಿತ್ತು. ಬ್ರೆತೋಂ, ಮ್ಯಾಕ್ಸ್ ಅರ್ನ್ಸ್ಟ್, ಮಾಸೋಂ, ಮಾಂಡ್ರಿಯಾನ್, ಹೀಗೆ ಯುರೋಪಿನ ಕವಿ, ಕಲಾವಿದರು ಒಬ್ಬರ ಹಿಂದೊಬ್ಬರು ನ್ಯೂಯಾರ್ಕ್ ಸೇರಿದರು. ಶ್ರೀಮಂತ ಕಲಾಸಂಗ್ರಾಹಕಿ ಪೆಗ್ಗಿ ಗುಗೆನ್‌ಹೈಮ್ 1942ರಲ್ಲಿ ಗ್ಯಾಲರಿ ತೆರೆದು, ಮರುವರ್ಷ ಪೊಲಾಕ್‌ಗೆ ತಿಂಗಳಿಗೆ 150 ಡಾಲರ್ ಗೊತ್ತುಮಾಡಿದಳು. ತನ್ನ ಮನೆಯ ಮೊಗಸಾಲೆಗೆ ಸುಮಾರು 8 ಅಡಿ ಎತ್ತರ, 20 ಅಡಿ ಉದ್ದದ ಚಿತ್ರವೊಂದನ್ನೂ ಬರೆಸಿದಳು. ಅದೇ ಈಗ ಅಯೋವಾ ವಿಶ್ವವಿದ್ಯಾಲಯದ ಬಳಿ ಇರುವ 'ಮ್ಯೂರಲ್'. ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದ ಎಂಬ ಕಥೆ ಇದಕ್ಕೆ ಅಂಟಿಕೊಂಡಿತ್ತು. ಲಾಸ್ ಏಂಜಲೀಸಿನ ಗೆಟ್ಟಿ ಸಂಸ್ಥೆಯವರು 2012ರಿಂದ 2014ರವರೆಗೆ ಅದನ್ನು ಪರೀಕ್ಷಿಸಿದರು. ಮೊದಲ ಕೆಲವು ತೆಳು ಬಣ್ಣಗಳು ಹಸಿ ಇರುವಾಗಲೇ ಒಂದರೊಳಗೊಂದು ಬಿದ್ದಿವೆ, ಆದರೆ ಮೇಲಿನ ಪದರಗಳು ಕೆಳಗಿನದು ಒಣಗಿದ ಮೇಲೆ ಬಂದವು. ತೈಲವರ್ಣ ಒಣಗಲು ದಿನಗಟ್ಟಲೆ ಬೇಕು, ಆದ್ದರಿಂದ ಕಥೆ ಅಲ್ಲಿಗೆ ಮುಗಿಯಿತು. ಅದರಲ್ಲೂ ಒಂದು ಬಿಳಿ, ಗೋಡೆಗೆ ಹೊಡೆಯುವ, ಹಾಲಿನ ಪ್ರೋಟೀನಿನಿಂದ ಮಾಡಿದ ಕೇಸಿನ್ ಬಣ್ಣ.

1945ರ ಕೊನೆಗೆ ಪೊಲಾಕ್ ಮತ್ತು ಅವನ ಹೆಂಡತಿ ಕ್ರಾಸ್ನರ್ ಲಾಂಗ್ ಐಲೆಂಡಿನ ಸ್ಪ್ರಿಂಗ್ಸ್ ಹಳ್ಳಿಗೆ ಹೋದರು. ಅಲ್ಲಿದ್ದ ಒಂದು ಹಳೇ ಕೊಟ್ಟಿಗೆಯೇ ಕಾರ್ಯಾಗಾರ. 1953ರಲ್ಲಿ ನೆಲಕ್ಕೆ ಹಾರ್ಡ್‌ಬೋರ್ಡ್ ಹೊದಿಸಲಾಯಿತು. ಎಂಬತ್ತರ ದಶಕದ ಕೊನೆಯಲ್ಲಿ ಅದನ್ನು ಕಿತ್ತಾಗ ಕೆಳಗಿನ ಮರದ ಹಲಗೆಗಳ ಮೇಲೆ ಕ್ಯಾನ್‌ವಾಸಿನ ಅಂಚು ದಾಟಿ ಬಿದ್ದ ಬಣ್ಣವೆಲ್ಲ ಹಾಗೇ ಸಿಕ್ಕಿತು. ಇವತ್ತು ನೋಡಲು ಹೋದವರು ಬಟ್ಟೆಯ ಚಪ್ಪಲಿ ಹಾಕಿಕೊಂಡು ಅದರ ಮೇಲೇ ನಡೆಯುತ್ತಾರೆ.

ಅವನ ವಿಧಾನ ಹೀಗೆ. ಸುರುಳಿಯಿಂದ ಬಿಚ್ಚಿದ ಹತ್ತಿ ಕ್ಯಾನ್‌ವಾಸ್, ಹೆಚ್ಚಾಗಿ ಪ್ರೈಮರ್ ಇಲ್ಲದ್ದು, ಚೌಕಟ್ಟಿಗೆ ಬಿಗಿಯದೆ ನೆಲದ ಮೇಲೆ ಹಾಸಿರುತ್ತದೆ. ಡಬ್ಬಿಯಿಂದ ನೇರ ಎನಾಮೆಲ್, ಜೊತೆಗೆ ಅಲ್ಯೂಮಿನಿಯಂ ಪೇಂಟ್. ಗಟ್ಟಿಯಾಗಿ ಒಣಗಿ ಹೋದ ಬ್ರಷ್ಷು, ಕಡ್ಡಿ, ಮಾಂಸ ಬೇಯುವಾಗ ರಸ ಹನಿಸಲು ಬಳಸುವ ರಬ್ಬರ್ ಬುರುಡೆಯ ಗಾಜಿನ ಪಿಚಕಾರಿ, ಇವು ಸಲಕರಣೆ. ಸಲಕರಣೆ ಬಟ್ಟೆಗೆ ತಾಗುವುದಿಲ್ಲ. ಬಣ್ಣದ ಎಳೆ ಗಾಳಿಯಲ್ಲಿ ಇಳಿದು ಬಟ್ಟೆಯ ಮೇಲೆ ಮಲಗುತ್ತದೆ. ಬೆರಳ ಸಂದಿಯಿಂದ ರಂಗೋಲಿ ಪುಡಿ ಬಿಟ್ಟು ಎಳೆ ಎಳೆಯುವ ಕೈಗೆ ಇದು ಬೇಗ ಅರ್ಥವಾಗುತ್ತದೆ. ಅಮೆರಿಕದ ಮೂಲನಿವಾಸಿಗಳು ನೆಲದ ಮೇಲೆ ಮರಳಿನಲ್ಲಿ ಬರೆಯುವ ಚಿತ್ರಗಳನ್ನು ಪೊಲಾಕ್ ತಾನೇ ನೆನೆದಿದ್ದಾನೆ.

ಇಲ್ಲಿ ಭೌತಶಾಸ್ತ್ರವೂ ಇದೆ. ಜೇನುತುಪ್ಪವನ್ನು ಎತ್ತರದಿಂದ ಬಿಟ್ಟರೆ ತಳದಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆಯಲ್ಲ, ಎನಾಮೆಲ್ಲೂ ಹಾಗೇ. ಕೈ ನಿಧಾನವಾದರೆ ಗೆರೆ ಹೋಗಿ ಜಿಲೇಬಿ ಆಗುತ್ತದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅವನ ಹಳೇ ವಿಡಿಯೊಗಳಿಂದ ಕೈಯ ಎತ್ತರ, ವೇಗ ಅಳೆದು ನೋಡಿತು. ಸುರುಳಿ ಹುಟ್ಟದಷ್ಟು ವೇಗದಲ್ಲಿ, ಅದಕ್ಕೆ ತಕ್ಕ ಎತ್ತರದಲ್ಲಿ ಕೈ ಓಡುತ್ತಿತ್ತಂತೆ. ಮಗು ಮಾಡುವ ಚೆಲ್ಲಾಟಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅಳತೆಗೇ ಸಿಗುವಂಥದ್ದು. 1948ರ 'ನಂಬರ್ 1ಎ' ಚಿತ್ರದ ಹೊಳೆಯುವ ನೀಲಿ ಮ್ಯಾಂಗನೀಸ್ ಬ್ಲೂ ಎಂದು ಗೊತ್ತಾದದ್ದು ತೀರಾ ಇತ್ತೀಚೆಗೆ, 2025ರಲ್ಲಿ. ಈಜುಕೊಳದ ಸಿಮೆಂಟಿಗೆ ಬೆರೆಸುತ್ತಿದ್ದ ಬಣ್ಣ ಅದು!

ಇದನ್ನು ಕೈಯಾರೆ ಮಾಡಿ ನೋಡುವ ಆಸೆ ಇದ್ದರೆ ನಮ್ಮ ಪೇಂಟ್ ಅಂಗಡಿಯ ಸಿಂಥೆಟಿಕ್ ಎನಾಮೆಲ್ ಸಾಕು. ಅವನ ಡಬ್ಬಿಯ ಹತ್ತಿರದ ಸಂಬಂಧಿ ಅದು. ಗೋಡೆಯ ಪ್ಲಾಸ್ಟಿಕ್ ಎಮಲ್ಷನ್ ಬೇಡ, ಅದು ಎಳೆ ಬಿಡುವುದಿಲ್ಲ, ಮೊಸರಿನ ಹಾಗೆ ತುಂಡು ತುಂಡಾಗಿ ಬೀಳುತ್ತದೆ. 4 ಅಡಿ × 6 ಅಡಿ ಹತ್ತಿ ಕ್ಯಾನ್‌ವಾಸಿಗೆ ಮೂರು ಬಣ್ಣ, ತಲಾ ಅರ್ಧ ಲೀಟರ್. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಬಟ್ಟೆಗೆ ಒಂದು ಪಾಲು ಫೆವಿಕಾಲ್, ನಾಲ್ಕು ಪಾಲು ನೀರು ಬೆರೆಸಿ ಒಂದು ಕೈ ಹೊಡೆದು ಒಣಗಲು ಬಿಡಿ. ಇಲ್ಲದಿದ್ದರೆ ಎಣ್ಣೆ ಬಟ್ಟೆಗೆ ಇಳಿದು ಪ್ರತಿ ಗೆರೆಯ ಸುತ್ತ ಜಿಡ್ಡಿನ ಪ್ರಭಾವಳಿ ಏಳುತ್ತದೆ. ಅರ್ಧ ಲೀಟರಿಗೆ 50ರಿಂದ 75 ಮಿಲಿ ಮಿನರಲ್ ಟರ್ಪೆಂಟೈನ್ ಬೆರೆಸಿ, ಕಡ್ಡಿ ಅದ್ದಿ ಒಂದು ಮೊಳ ಎತ್ತಿ ನೋಡಿ. ಎಳೆ ಕಡಿಯದೆ ಇಳಿಯಬೇಕು. ಹನಿ ಹನಿಯಾಗಿ ತೊಟ್ಟಿಕ್ಕಿದರೆ ತೆಳುವಾಯಿತು, ಮುಚ್ಚಿಡದ ಡಬ್ಬಿಯಲ್ಲಿ ಒಂದು ರಾತ್ರಿ ಬಿಟ್ಟರೆ ದಾರಿಗೆ ಬರುತ್ತದೆ. ಮೇಲೆ ಕೆನೆ ಕಟ್ಟಿದರೆ ಸೋಸಿಕೊಳ್ಳಿ. ಮೊಣಕೈಯಿಂದಲ್ಲ, ಭುಜದಿಂದ ಬೀಸಿ.

ಹೆಚ್ಚಿನವರು ಕೆಡಿಸುವುದು ಬಣ್ಣ ಹೊಂಡವಾಗಿ ನಿಂತ ಜಾಗದಲ್ಲಿ. ಎನಾಮೆಲ್ ಮೇಲಿನಿಂದ ಒಣಗುತ್ತದೆ, ಏಕೆಂದರೆ ಅದು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವ ಪದಾರ್ಥ. ಮೇಲೆ ಕೆನೆ, ಕೆಳಗೆ ಹಸಿ. ಆಮೇಲೆ ಕೆನೆ ಹಿಗ್ಗಿ ಮುದುಕರ ಚರ್ಮದ ಹಾಗೆ ಸುಕ್ಕಾಗುತ್ತದೆ. ಪೊಲಾಕ್‌ನ ಚಿತ್ರಗಳಲ್ಲೂ ಈ ಸುಕ್ಕು ಇದೆ, ಅವನು ಅದನ್ನು ಉಳಿಸಿಕೊಂಡ. ಮಲಗಿಸಿದ ಹಾಗೇ ಕನಿಷ್ಠ ನಾಲ್ಕು ದಿನ ಬಿಡಿ, ಮಳೆಗಾಲದಲ್ಲಾದರೆ ವಾರದ ಮೇಲೆ. ಅವಸರದಿಂದ ಎತ್ತಿ ನಿಲ್ಲಿಸಿದರೆ ಹೊಂಡವೆಲ್ಲ ಕಣ್ಣೀರಾಗಿ ಇಳಿಯುತ್ತದೆ. ಕಿಟಕಿ ತೆರೆದಿರಲಿ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ; ಒಣಗುವಾಗ ಅವು ತಾವೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ.

ಇನ್ನು ರಾಜಕೀಯ. "ಇದೆಲ್ಲ ಸಿಐಎ ಸೃಷ್ಟಿ", ಅಂದರೆ ಅಮೆರಿಕದ ಗುಪ್ತಚರ ಸಂಸ್ಥೆಯ ಕೈವಾಡ ಎನ್ನುವುದು ಈಗ ಫ್ಯಾಷನ್ ಆಗಿರುವ ಮಾತು. ಅರ್ಧ ನಿಜ, ಆದರೆ ಕಾಲಕ್ರಮ ನೋಡಿದರೆ ಬೇರೆಯೇ ಕಥೆ ಕಾಣುತ್ತದೆ. 1946ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಹೊರದೇಶಗಳಿಗೆ ಕಳಿಸಲೆಂದು 79 ಆಧುನಿಕ ತೈಲಚಿತ್ರ ಕೊಂಡಿತು. ಪತ್ರಿಕೆಗಳೂ ಸಂಸದರೂ ಬೊಬ್ಬೆ ಹಾಕಿದ ಮೇಲೆ 1947ರಲ್ಲಿ ಅವನ್ನು ವಾಪಸ್ ಕರೆಸಿ, ಯುದ್ಧದಲ್ಲಿ ಮಿಕ್ಕ ಸಾಮಾನಿನ ಲೆಕ್ಕದಲ್ಲಿ ಮಾರಿಹಾಕಿತು. ಇಂದು ಆಬರ್ನ್ ವಿಶ್ವವಿದ್ಯಾಲಯ ಆಗಿರುವ ಸಂಸ್ಥೆಗೆ ಅದರಲ್ಲಿ 36 ಚಿತ್ರ ಸಿಕ್ಕಿದ್ದು ಒಟ್ಟು 1,072 ಡಾಲರಿಗೆ. 1949ರಲ್ಲಿ ಮಿಷಿಗನ್ನಿನ ಸಂಸದ ಜಾರ್ಜ್ ಡಾಂಡೆರೊ ಆಧುನಿಕ ಕಲೆಯೇ ಕಮ್ಯುನಿಸ್ಟ್ ಸಂಚು ಎಂದು ಭಾಷಣ ಮಾಡಿದ. ಅತ್ತ ಸೋವಿಯತ್ ಒಕ್ಕೂಟ ಇದೇ ಕಲೆಯನ್ನು ಬೂರ್ಜ್ವಾ ಕೊಳಕು ಎನ್ನುತ್ತಿತ್ತು. ಇಂಥ ಸಂಸತ್ತಿನ ಕಣ್ಣೆದುರು ಸರ್ಕಾರ ಬಹಿರಂಗವಾಗಿ ಈ ಕಲೆಗೆ ದುಡ್ಡು ಕೊಡುವಂತಿರಲಿಲ್ಲ. ಗುಟ್ಟಿನ ದಾರಿ ಬೇಕಾದದ್ದು ಅದಕ್ಕೇ.

1950ರಲ್ಲಿ ಪಶ್ಚಿಮ ಬರ್ಲಿನ್ನಿನಲ್ಲಿ ಹುಟ್ಟಿದ ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ ಎಂಬ ಲೇಖಕರ, ಬುದ್ಧಿಜೀವಿಗಳ ಸಂಘಟನೆ ಸಿಐಎ ದುಡ್ಡಿನಲ್ಲಿ ನಡೆಯಿತು. ಅರವತ್ತರ ದಶಕದ ಮಧ್ಯದಲ್ಲಿ ಅದು ಬಯಲಾಯಿತು. 1951ರಲ್ಲಿ ಅದರ ಸಮ್ಮೇಳನ ಮುಂಬೈಯಲ್ಲೂ ನಡೆದಿತ್ತು. ಇನ್ನು 17 ಕಲಾವಿದರ 81 ಚಿತ್ರಗಳನ್ನು 1958-59ರಲ್ಲಿ ಯುರೋಪಿನ ಎಂಟು ನಗರಗಳಿಗೆ ಕೊಂಡೊಯ್ದದ್ದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ, ಮೋಮಾ. ಅವರದೇ ಇನ್ನೊಂದು ದೊಡ್ಡ ಪ್ರದರ್ಶನ 1967ರಲ್ಲಿ ದೆಹಲಿಗೂ ಬಂತು. ರಾಜಕೀಯ ಈ ಕಲೆಯನ್ನು ಹೊತ್ತು ತಿರುಗಿತು ಎಂದರೆ ಒಪ್ಪಬಹುದು. ಹುಟ್ಟಿಸಿತು ಎಂದರೆ, ಸಿಐಎ ಹುಟ್ಟಿದ್ದೇ 1947ರಲ್ಲಿ, ಸಿಕೇರೋಸ್ ಬಣ್ಣ ಸುರಿದದ್ದು 1936ರಲ್ಲಿ. ಅವನು ಕಟ್ಟಾ ಕಮ್ಯುನಿಸ್ಟ್ ಬೇರೆ.

ಡಬ್ಬಿಯ ಸಾಲ ತೀರಿಸುತ್ತಿರುವವರು ಈಗ ಸಂಗ್ರಹಾಲಯಗಳ ಸಂರಕ್ಷಕರು. ಇದೇ ಪಂಥದ ಕಲಾವಿದೆ ಹೆಲೆನ್ ಫ್ರ್ಯಾಂಕೆಂತಾಲರ್ 1952ರಲ್ಲಿ 'ಮೌಂಟನ್ಸ್ ಆ್ಯಂಡ್ ಸೀ' ಬರೆದಾಗ ಇಪ್ಪತ್ಮೂರು ವರ್ಷದವಳು. ನೀರಿನಷ್ಟು ತೆಳುಮಾಡಿದ ತೈಲವರ್ಣವನ್ನು ಅಂಟು, ಪ್ರೈಮರ್ ಏನೂ ಇಲ್ಲದ ಬರಿಬಟ್ಟೆಗೆ ಹೀರಿಸಿದಳು. ಸುಂದರ, ಆದರೆ ಅಗಸೆ ಎಣ್ಣೆ ಒಣಗುವಾಗ ಹುಟ್ಟುವ ಆಮ್ಲ ಹತ್ತಿಯ ನಾರನ್ನು ತಿನ್ನುತ್ತದೆ, ಕಲೆಯ ಸುತ್ತ ಹಳದಿ ಉಂಗುರ ಕಟ್ಟುತ್ತದೆ. ಶತಮಾನಗಳಿಂದ ಬಟ್ಟೆಗೆ ಮೊದಲು ಅಂಟು ಬಳಿಯುತ್ತಿದ್ದದ್ದು ಇದಕ್ಕೇ. ಮುಂದೆ ಇದೇ ವಿಧಾನಕ್ಕೆ ಅಕ್ರಿಲಿಕ್ ಹೇಳಿಮಾಡಿಸಿದ ಹಾಗೆ ಬಂತು. ಜಿಂಕ್ ವೈಟ್‌ನ ಕಾಟ ಇನ್ನೊಂದು. ಎಣ್ಣೆಯ ಜೊತೆ ಸತು ಸೇರಿ ಸಾಬೂನಿನಂಥ ಲವಣ ಹುಟ್ಟುತ್ತದೆ, ಪದರ ಹಪ್ಪಳದ ಹಾಗೆ ಪೆಡಸಾಗಿ ಮೇಲಿನದು ಚಕ್ಕೆಯಾಗಿ ಏಳುತ್ತದೆ. ಫ್ರಾಂಜ್ ಕ್ಲೈನ್‌ನ ದೊಡ್ಡ ಕಪ್ಪು-ಬಿಳಿ ಚಿತ್ರಗಳಲ್ಲಿ ಇದು ಕಂಡಿದೆ.

ರಾಥ್ಕೊನದು ಎಲ್ಲಕ್ಕಿಂತ ನೋವಿನ ಪ್ರಕರಣ. ಅವನು ಮೊಟ್ಟೆ, ಅಂಟು, ರಾಳ, ಎಣ್ಣೆ ಎಲ್ಲ ಬೆರೆಸಿ ತೆಳು ಪದರದ ಮೇಲೆ ಪದರ ಹಚ್ಚುತ್ತಿದ್ದ, ಮೇಲೆ ವಾರ್ನಿಷ್ ಇಲ್ಲ. 2012ರಲ್ಲಿ ಲಂಡನ್ನಿನ ಟೇಟ್ ಮಾಡರ್ನಿನಲ್ಲಿ ಒಬ್ಬ ಅವನ ಚಿತ್ರದ ಮೇಲೆ ಶಾಯಿಯಲ್ಲಿ ಗೀಚಿದಾಗ, ತಡೆಯುವ ವಾರ್ನಿಷ್ ಇಲ್ಲದ್ದರಿಂದ ಶಾಯಿ ಒಳಪದರಗಳಿಗೂ ಇಳಿಯಿತು. ಸರಿಪಡಿಸಲು ಹದಿನೆಂಟು ತಿಂಗಳು ಹಿಡಿಯಿತು.

ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ ಬರೆದ ಐದು ದೊಡ್ಡ ಫಲಕಗಳ ಗತಿ ಇನ್ನೂ ಕೆಟ್ಟದ್ದು. 1964ರಲ್ಲಿ ಅವನ್ನು ಮೇಲಂತಸ್ತಿನ ಊಟದ ಹಾಲಿನಲ್ಲಿ ತೂಗುಹಾಕಿದರು. ದೊಡ್ಡ ಗಾಜಿನ ಕಿಟಕಿಗಳು, ತುಂಬ ಬಿಸಿಲು. ರಾಥ್ಕೊ ಬಳಸಿದ್ದ ಲಿಥಾಲ್ ರೆಡ್ ಬೆಳಕಿಗೆ ನಿಲ್ಲುವ ಬಣ್ಣವಲ್ಲ. ಗಾಢ ಕೆಂಪು ಹಾರಿಹೋಗಿ, ಜೊತೆಗಿದ್ದ ನೀಲಿ ಮಾತ್ರ ಉಳಿದು, ಫಲಕಗಳು ಒಂದೊಂದು ಕಡೆ ಒಂದೊಂದು ಬಣ್ಣಕ್ಕೆ ತಿರುಗಿದವು. 1979ರಲ್ಲಿ ಇಳಿಸಿ ಗೋದಾಮಿಗೆ ಸೇರಿಸಿದರು. ಮೇಲೆ ಬಣ್ಣ ಹಚ್ಚಿ ಸರಿಪಡಿಸೋಣವೆಂದರೆ, ವಾರ್ನಿಷ್ ಇಲ್ಲದ ಮೈಗೆ ಹಚ್ಚಿದ್ದನ್ನು ಮತ್ತೆ ತೆಗೆಯಲು ಬರುವುದಿಲ್ಲ. ಕೊನೆಗೆ 2014ರಲ್ಲಿ ಹಳೇ ಫೋಟೊಗಳನ್ನೂ, ಗೋಡೆಗೇರದೆ ಉಳಿದು ಬಣ್ಣ ಕೆಡದಿದ್ದ ಆರನೇ ಫಲಕವನ್ನೂ ಇಟ್ಟುಕೊಂಡು ಲೆಕ್ಕ ಹಾಕಿದರು. ಪ್ರತಿ ಬಿಂದುವಿಗೆ ಎಷ್ಟು ಬಣ್ಣ ಕಡಿಮೆ ಬಿದ್ದಿದೆಯೋ ಅಷ್ಟನ್ನು ಪ್ರೊಜೆಕ್ಟರಿನ ಬೆಳಕಾಗಿ ಚಿತ್ರದ ಮೇಲೆ ಬಿಟ್ಟರು. ಮಧ್ಯೆ ಕೈ ಅಡ್ಡ ಹಿಡಿದರೆ ಬೆರಳ ನೆರಳಿನೊಳಗೆ ಮಾಸಿದ ಬಣ್ಣ ಕಾಣುತ್ತಿತ್ತು. ದಿನಾ ಸಂಜೆ ನಾಲ್ಕಕ್ಕೆ ಪ್ರೊಜೆಕ್ಟರ್ ಆರಿಸುತ್ತಿದ್ದರು. ಗೋಡೆಯ ಮೇಲಿನ ಕಡುಗೆಂಪು ಕ್ಷಣದಲ್ಲಿ ಮಾಸಲು ನೀಲಿಗೆ ತಿರುಗುತ್ತಿತ್ತು. ಆ ಹೊತ್ತಿಗೆಂದೇ ಬಂದು ಕಾಯುವ ಜನರೂ ಇದ್ದರು.