ಮಲ್ಪೆ ಇರುವಾಗ ಮಾಲ್ಟಾ ಯಾಕೆ?

"ಎಂತ ಉಂಟು ಮಾರಾಯ ಅಲ್ಲಿ?"

ಎರಡು ವರ್ಷದಿಂದ ಇದೇ ಪ್ರಶ್ನೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಸಲೂನಿನಲ್ಲಿ ಕೇಳಿದ್ದಾರೆ, ಒಮ್ಮೆ ಹಲ್ಲು ಕೀಳಿಸಿಕೊಂಡು ಅರ್ಧ ಬಾಯಿ ಜೋಮು ಹಿಡಿದು ಕೂತಿದ್ದಾಗಲೂ ಕೇಳಿದ್ದಾರೆ. ಇನ್ನು ಬಾಯಲ್ಲಿ ಹೇಳುವುದಿಲ್ಲ. ಬರೆದು ಇಟ್ಟಿದ್ದೇನೆ, ಬೇಕಾದವರು ಓದಿಕೊಳ್ಳಿ.

ಪ್ರಶ್ನೆ ಪೂರ್ತಿ ಹೀಗೆ: ನೀನು ಮಲ್ಪೆಯವನು, ಮನೆಯಿಂದ ಹತ್ತು ಹೆಜ್ಜೆ ಇಟ್ಟರೆ ಬಂದರು, ಅಷ್ಟು ದುಡ್ಡು ಸುರಿದು ಮಾಲ್ಟಾಕ್ಕೆ ಹೋಗಿ ಅಲ್ಲಿಯೂ ಮೀನಿನ ದೋಣಿಯನ್ನೇ ನೋಡಿ ಬಂದೆಯಲ್ಲ, ಅಂಥದ್ದು ಎಂತ ಉಂಟು? ಆ 'ಅಂಥದ್ದು' ಎನ್ನುವಾಗ ಎಲ್ಲರ ತುಟಿಯೂ ಒಂದೇ ಥರ ಸೊಟ್ಟಗಾಗುತ್ತದೆ.

ಉತ್ತರ: ಏನೂ ಇಲ್ಲ. ಸಮಾಧಾನವಾಯಿತಾ?

ಮಾಲ್ಟಾ ಅಂದರೆ ಮೆಡಿಟರೇನಿಯನ್ ಕಡಲಿನ ಒಂದು ಪುಟ್ಟ ದ್ವೀಪದೇಶ. ಅಲ್ಲಿ ನಾನು ನೋಡಿದ ಊರಿನ ಹೆಸರು ಮಾರ್ಸಶ್ಲೊಕ್. ಗೃಹಪ್ರವೇಶವೊಂದರಲ್ಲಿ ನಾನಿದನ್ನು ಹೇಳಿದ್ದೇ ತಡ, ಭಾವ ಪಾಯಸ ಸುರಿಯುವುದನ್ನು ನಿಲ್ಲಿಸಿ "ಯಾವ ಶ್ಲೋಕ?" ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. 'ಮಾರ್ಸ' ಅಂದರೆ ಬಂದರು, 'ಶ್ಲೊಕ್' ಅಂದರೆ ಆಗ್ನೇಯದಿಂದ ಬೀಸುವ ಗಾಳಿ ಎಂದು ವಿವರಿಸುವಷ್ಟರಲ್ಲಿ ಮಾತು ವೀಸಾ ಖರ್ಚಿಗೆ ಹೊರಳಿತ್ತು. ಅಂದಿನಿಂದ ನಮ್ಮ ಕುಟುಂಬದಲ್ಲಿ ನಾನು 'ಶ್ಲೋಕ'.

ದೊಡ್ಡಮ್ಮನ ಮಗಳು ಅಲ್ಲಿ ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸಕ್ಕಿದ್ದಾಳೆ. ಅಕ್ಕ ಕರೆದಳು, ಹೋದೆ. ಭಾನುವಾರ ಅವಳಿಗೆ ಡ್ಯೂಟಿ, ಹಾಗಾಗಿ ರಾಜಧಾನಿ ವಲೆಟ್ಟಾದಿಂದ ಒಬ್ಬನೇ ಬಸ್ಸು ಹತ್ತಿದೆ. ಭಾನುವಾರ ಆ ಊರಿನಲ್ಲಿ ಮೀನಿನ ಸಂತೆ ಎಂದಿದ್ದಳು. ಇಳಿದು ನೋಡಿದರೆ ಸಾಲು ಸಾಲು ಕಾಲುಚೀಲ, ಮೊಬೈಲ್ ಕವರ್, ಪ್ಲಾಸ್ಟಿಕ್ ಆಟಿಕೆ, ಜೇನುತುಪ್ಪ. ಎಲ್ಲ ದಾಟಿದ ಮೇಲೆ ಮೀನು, ಅದೂ ನಮ್ಮ ಮಲ್ಪೆಯ ಒಂದು ಬೆಳಗಿನ ಮೀನಿನ ಮುಂದೆ ಊಟವಾದ ತಟ್ಟೆಯಲ್ಲಿ ಉಳಿದ ಮುಳ್ಳಿನಷ್ಟು. ಕೊಲ್ಲಿಯ ಆಚೆ ಕಣ್ಣಿಗೆ ರಾಚುವಂತೆ ಒಂದು ವಿದ್ಯುತ್ ಸ್ಥಾವರ. ನೋಡಿ, ನಾನೇನೂ ಬಣ್ಣ ಹಚ್ಚುತ್ತಿಲ್ಲ.

ಚರಿತ್ರೆ ಇದ್ದರೆ ಮಾತ್ರ ಊರು ಎನ್ನುವವರಿಗೆ ಅದೂ ಉಂಟು. 1565ರಲ್ಲಿ ಮಾಲ್ಟಾವನ್ನು ಮುತ್ತಲು ಬಂದ ತುರ್ಕರ ನೌಕಾಪಡೆ ಲಂಗರು ಹಾಕಿದ್ದು ಇದೇ ಕೊಲ್ಲಿಯಲ್ಲಿ. 1989ರ ಡಿಸೆಂಬರಿನಲ್ಲಿ ಅಮೆರಿಕದ ಬುಷ್ ಮತ್ತು ಸೋವಿಯತ್ ಒಕ್ಕೂಟದ ಗೋರ್ಬಚೇವ್ ಶೀತಲ ಸಮರಕ್ಕೆ ತೆರೆ ಎಳೆಯಲು ಇಲ್ಲಿಯೇ ಹಡಗಿನಲ್ಲಿ ಸೇರಿದರು. ಕಡಲು ಎಷ್ಟು ರೊಚ್ಚಿಗೆದ್ದಿತ್ತೆಂದರೆ ಒಂದು ಸುತ್ತಿನ ಮಾತುಕತೆಯನ್ನೇ ಕೈಬಿಡಬೇಕಾಯಿತು. ನಮ್ಮ ಬಂದರಿನಲ್ಲಿ ದೋಣಿ ನಡೆಸುವ ಯಾವ ತಾಂಡೇಲನನ್ನು ಕೇಳಿದ್ದರೂ ಡಿಸೆಂಬರಿನಲ್ಲಿ ಅಲ್ಲಿ ಬೇಡ ಎನ್ನುತ್ತಿದ್ದ.

ಇರಲಿ, ದೋಣಿಗೆ ಬರೋಣ. ಲುಟ್ಸು ಎನ್ನುತ್ತಾರೆ. ನೀಲಿ, ಹಳದಿ, ಕೆಂಪು, ಹಸಿರು ಪಟ್ಟೆಗಳು. ಮೂತಿಯ ಎರಡೂ ಬದಿಗೆ ಒಂದೊಂದು ಕಣ್ಣು, ಮೇಲೆ ಹುಬ್ಬು. ಕಟ್ಟೆಯ ಮೇಲೆ ಒಬ್ಬ ಅಜ್ಜ ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಎಳೆದುಕೊಂಡು ಹರಿದ ಕಣ್ಣು ಹೆಣೆಯುತ್ತಿದ್ದರು. ಕೈರಂಪಣಿ ಬಲೆ ಎಳೆದ ನನ್ನ ಅಜ್ಜನೂ ಹೀಗೆಯೇ ಕೂರುತ್ತಿದ್ದದ್ದು. ಆ ಸಲುಗೆಯಲ್ಲಿ ಇಂಗ್ಲಿಷಿನಲ್ಲಿ ಕೇಳಿಯೇ ಬಿಟ್ಟೆ: ದೋಣಿಗೆ ಕಣ್ಣು ಯಾಕೆ?

"ನೋಡುವುದಕ್ಕೆ." ತಲೆಯನ್ನೂ ಎತ್ತಲಿಲ್ಲ.

ಮುಖಕ್ಕೆ ಉಪ್ಪುನೀರು ಎರಚಿದ ಹಾಗಾಯಿತು. ಆ ಭಾನುವಾರ ಅವರನ್ನು ಅದನ್ನೇ ಕೇಳಿದ ಎಷ್ಟನೆಯವನೋ ನಾನು.

ಅವರ ಬೆನ್ನ ಹಿಂದೆ ಖರ್ಜೂರದ ಮರದ ಗರಿಗಳ ರಾಶಿ ಇತ್ತು. ಹೊರಡುವವನು ನಿಂತು, ಇದು ನೀರಿನಲ್ಲಿ ಎಷ್ಟು ದಿನಕ್ಕೆ ಕೊಳೆಯುತ್ತದೆ ಎಂದೆ. ಸೂಜಿ ನಿಂತಿತು. ಯಾವ ಊರು ನಿಂದು ಎಂದರು.

ನೀವು ಯಾರಾದರೂ ಕೇಳಬೇಕಿದ್ದದ್ದು ಈ ಗರಿಗಳ ಬಗ್ಗೆ. ಅವರ ಕಡಲಿನಲ್ಲಿ ಲಂಪೂಕಿ ಎನ್ನುವ ಮೀನು ಓಡಾಡುವುದು ಆಗಸ್ಟ್ ನಡುವಿನಿಂದ ಡಿಸೆಂಬರಿನವರೆಗೆ. ಅದಕ್ಕೆ ನೆರಳೆಂದರೆ ಪ್ರಾಣ. ಹಾಗಾಗಿ ತೇಲುವ ತೆಪ್ಪಕ್ಕೆ ಗರಿ ಕಟ್ಟಿ, ಮನೆ ಕಟ್ಟುವ ಸುಣ್ಣಕಲ್ಲನ್ನೇ ಹಗ್ಗಕ್ಕೆ ಬಿಗಿದು ಇಳಿಬಿಟ್ಟು, ದಡದಿಂದ ಹೊರಕ್ಕೆ ಸಾಲಾಗಿ ನಿಲ್ಲಿಸುತ್ತಾರೆ. ಯಾವ ದೋಣಿಗೆ ಯಾವ ಸಾಲು ಎಂದು ಚೀಟಿ ಎತ್ತಿ ಹಂಚುತ್ತಾರೆ. ನೆರಳಿಗೆ ಮೀನು ಕೂಡುತ್ತದೆ, ಸುತ್ತ ಬಲೆ ಬೀಸುತ್ತಾರೆ. ಕೊಳೆಯುವ ಮಾತೆಲ್ಲಿ ಬಂತು, ಅದಕ್ಕೂ ಮೊದಲೇ ಗಾಳಿ ಕಿತ್ತೊಯ್ಯುತ್ತದೆ ಎಂದರು.

ನಮ್ಮಲ್ಲೂ ಉಂಟು ಎಂದೆ. ಕಪ್ಪೆ ಬೊಂಡಾಸ್, ಅಂದರೆ ಇಂಗ್ಲಿಷಿನ ಕಟಲ್‌ಫಿಶ್, ಹಿಡಿಯಲು ತೆಂಗಿನ ಗರಿ-ಗೊನೆ ಕಟ್ಟಿ ಇಳಿಬಿಡುತ್ತಾರೆ, ಅದು ಟ್ರಾಲ್ ಬೋಟಿನವರ ಬಲೆಗೆ ಸಿಕ್ಕಿ ಜಗಳವಾಗುತ್ತದೆ, ಚೀಟಿ ಎತ್ತುವ ಪದ್ಧತಿ ನಮಗಿಲ್ಲ.

"ಯಾರು ಗೆದ್ದರು?"

"ಇನ್ನೂ ನಡೀತಾ ಉಂಟು."

ಅವರು ನಕ್ಕು ನಕ್ಕು ಕೆಮ್ಮಿದರು. ಈ ವರ್ಷ ಮೀನು ಹೇಗೆ ಎಂದಿದ್ದಕ್ಕೆ ಅವರ ಭಾಷೆಯಲ್ಲಿ ಏನೋ ಅಂದರು, ಅದರಲ್ಲಿ 'ಅಲ್ಲಾ' ಎನ್ನುವುದು ಮಾತ್ರ ನನಗೆ ತಿಳಿಯಿತು. ಮುಸಲ್ಮಾನರೇ ಎಂದೆ. ಅಜ್ಜ ಸೂಜಿಯಿಂದಲೇ ಇಗರ್ಜಿಯ ಕಡೆ ತೋರಿಸಿದರು. ಅರಬಿಯಿಂದ ಟಿಸಿಲೊಡೆದ ಭಾಷೆ, ಬರೆಯುವುದು ಲ್ಯಾಟಿನ್ ಲಿಪಿಯಲ್ಲಿ, ಮಾತಾಡುವವರು ಕಟ್ಟಾ ಕೆಥೋಲಿಕರು. ದೇವರಿಗೆ 'ಅಲ್ಲಾ', ಈಸ್ಟರಿಗೆ ಮುಂಚಿನ ನಲವತ್ತು ದಿನದ ವ್ರತಕ್ಕೆ 'ರಂದಾನ್', ಅಂದರೆ ನಮ್ಮ ರಂಜಾನ್ ಪದವೇ. ಭಾವಾ, ಇದನ್ನು ಹೇಳಲಿಕ್ಕೇ ನಾನು ಅಂದು ಬಾಯಿ ತೆರೆದದ್ದು. ನೀವು ಟಿಕೆಟಿಗೆ ಎಷ್ಟಾಯಿತು ಎಂದಿರಿ.

ಬಸ್ಸಿನ ಹೊತ್ತಾಗಿ ಎದ್ದೆ. ಅಷ್ಟರಲ್ಲಿ ಕ್ಯಾಮೆರಾ ನೇತುಹಾಕಿಕೊಂಡ ಗಂಡ ಹೆಂಡತಿ ಬಂದು ಬಗ್ಗಿ, ಬಹಳ ವಿನಯದಿಂದ, ದೋಣಿಗೆ ಕಣ್ಣು ಯಾಕೆ ಎಂದು ಕೇಳಿದರು. ಅಜ್ಜನ ಹಲ್ಲಿನಲ್ಲಿ ದಾರ ಇತ್ತು.

"ನೋಡುವುದಕ್ಕೆ," ಎಂದೆ ನಾನು.