ಪಂಚಮಿಗೆ ಬರಲಾಗದವರಿಗೆ ಒಂದು ಧಾರವಾಡ

2020ರ ನಾಗರ ಪಂಚಮಿ ಜುಲೈ 25ರ ಶನಿವಾರ ಬಂದಿತ್ತು. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ರೊಟ್ಟಿ ಬೀರುವುದು, ನಾಗಪ್ಪನಿಗೆ ಹಾಲೆರೆಯುವುದು, ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳುಂಡಿ, ಓಣಿಯ ಮರಕ್ಕೊಂದು ಜೋಕಾಲಿ. ಆ ವರ್ಷ ಇದ್ಯಾವುದಕ್ಕೂ ಯಾರೂ ಬರುವಂತಿರಲಿಲ್ಲ. ಕೊರೊನಾದಿಂದಾಗಿ ಜುಲೈ ನಡುವಿನಲ್ಲಿ ಜಿಲ್ಲೆಗೆ ಮತ್ತೆ ಬೀಗ ಬಿದ್ದಿತ್ತು. ಪುಣೆಯಲ್ಲಿರುವ ನನ್ನ ತಂಗಿ ಫೋನು ಮಾಡಿ, "ಅಕ್ಕಾ, ಮದುವೆಯಾದ ಮೇಲೆ ಪಂಚಮಿ ತಪ್ಪುತ್ತಿರುವುದು ಇದೇ ಮೊದಲು" ಎಂದು ಸುಮ್ಮನಾದಳು. ಮಳೆ ಬರುತ್ತಿದೆಯೇ ಎಂದು ಕೇಳಿದಳು. ಬರುತ್ತಿದೆ ಎಂದೆ. ಮೊಬೈಲನ್ನು ಕಿಟಕಿಯ ಹೊರಗೆ ಹಿಡಿ, ಸದ್ದು ಕೇಳುತ್ತೇನೆ ಎಂದಳು.

ಅಂತರ್ಜಾಲದಲ್ಲೊಂದು ಚಿತ್ರಪ್ರದರ್ಶನ ಮಾಡುವ ಯೋಚನೆ ಹುಟ್ಟಿದ್ದು ಆ ರಾತ್ರಿ. ನಾನು ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಭಾನುವಾರಗಳಂದು ಹಲಗೆ, ಕಾಗದ ಹಿಡಿದು ಕೆಲಗೇರಿ ಕೆರೆಗೋ ಸಾಧನಕೇರಿಗೋ ಹೋಗಿ ಕೂತು ಚಿತ್ರ ಬರೆಯುವ ಹತ್ತು ಹನ್ನೊಂದು ಜನ ನಾವಿದ್ದೇವೆ. ಡಿ.ವಿ. ಹಾಲಭಾವಿಯವರು 1935ರಲ್ಲಿ ಕಲಾಶಾಲೆ ತೆರೆದ ಊರು ಇದು. ಇಲ್ಲಿ ಚಿತ್ರ ಬರೆಯುವವರಿಗೆ ಯಾವತ್ತೂ ಬರವಿಲ್ಲ, ಬರ ಇರುವುದು ಗೋಡೆಗಳಿಗೆ. ವರ್ಷಕ್ಕೊಮ್ಮೆ ಹೇಗೋ ಒಂದು ಸಭಾಂಗಣ ಹಿಡಿದು ಎರಡು ದಿನ ಚಿತ್ರಗಳನ್ನು ತೂಗುಹಾಕುತ್ತಿದ್ದೆವು. ಈ ಸಲ ಸಭಾಂಗಣಗಳೆಲ್ಲ ಮುಚ್ಚಿದ್ದವು. ಊರಿಗೆ ಬರಲಾಗದವರ ಬಳಿಗೆ ಊರನ್ನೇ ಕಳಿಸಿದರೆ ಹೇಗೆ ಎಂದು ಗುಂಪಿನಲ್ಲಿ ಬರೆದೆ. ಬೆಳಗಾಗುವುದರೊಳಗೆ ಎಲ್ಲರೂ ಒಪ್ಪಿದ್ದರು. ಪಂಚಮಿಯ ಸಂಜೆ ನಾಲ್ಕು ಗಂಟೆ ಎಂದು ಗೊತ್ತು ಮಾಡಿದೆವು. ಕೈಯಲ್ಲಿ ಹದಿನೈದು ದಿನ ಕೂಡ ಇರಲಿಲ್ಲ.

ಚಿತ್ರ ಬರೆಯುವುದಕ್ಕಿಂತ ಚಿತ್ರದ ಫೋಟೊ ತೆಗೆಯುವುದು ಕಷ್ಟ ಎಂಬುದು ಆ ದಿನಗಳಲ್ಲಿ ಗೊತ್ತಾಯಿತು. ಮೊದಲು ಬಂದ ಫೋಟೊಗಳನ್ನು ನೋಡಿ ಎದೆ ಒಡೆಯಿತು. ಗಾಜಿನ ಚೌಕಟ್ಟಿನ ಮೇಲೆ ಟ್ಯೂಬ್‌ಲೈಟು ಬೆಳ್ಳಗೆ ಕೂತಿದೆ, ಮೇಲಿನಿಂದ ಬಗ್ಗಿ ತೆಗೆದ ಚಿತ್ರದ ಕೆಳಭಾಗ ಕಿರಿದಾಗಿದೆ, ಒಂದರಲ್ಲಂತೂ ತೆಗೆದವರ ನೆರಳೇ ಬಿದ್ದಿದೆ. ಎಲ್ಲಕ್ಕಿಂತ ನೋವಾಗಿದ್ದು ಮಣ್ಣಿನ ಬಣ್ಣ ಕಂಡು. ಧಾರವಾಡದಿಂದ ಪಡುವಣಕ್ಕೆ ಹೊರಟರೆ ಮಲೆನಾಡಿನ ಸೆರಗಿನ ಕೆಮ್ಮಣ್ಣು, ಮೂಡಣಕ್ಕೆ ಹೊರಟರೆ ಕಪ್ಪು ಎರೆಭೂಮಿ. ಈ ಎರಡರ ನಡುವೆ ಕೂತ ಊರನ್ನು ಬರೆಯುವವರು ಕೆಂಪನ್ನು ಬಹಳ ಎಚ್ಚರದಿಂದ ಕಲಸುತ್ತಾರೆ. ಮಳೆ ಬಿದ್ದ ಕೆಂಪು ಬೇರೆ, ಬೇಸಿಗೆಯ ಕೆಂಪು ಬೇರೆ. ಮೊಬೈಲು ಅದಷ್ಟನ್ನೂ ಒಂದೇ ಕಿತ್ತಳೆ ಬಣ್ಣ ಮಾಡಿಟ್ಟಿತ್ತು.

ನಾವು ಬೈದುಕೊಳ್ಳುತ್ತಿದ್ದ ಮಳೆಯೇ ಕಡೆಗೆ ಕೈಹಿಡಿಯಿತು. ಶ್ರಾವಣದ ಮೋಡ ಕವಿದ ಬೆಳಕಿಗೆ ಚೂಪು ನೆರಳಿಲ್ಲ, ಚಿತ್ರದ ಮೇಲೆ ಎಲ್ಲ ಕಡೆಯೂ ಸಮನಾಗಿ ಬೀಳುತ್ತದೆ. ಚೌಕಟ್ಟಿನಿಂದ ಚಿತ್ರ ಬಿಚ್ಚಿ, ಪಡಸಾಲೆಯ ಗೋಡೆಗೆ ನೆಟ್ಟಗೆ ಆನಿಸಿ, ಚಿತ್ರದ ನಡುಮಧ್ಯದ ಎತ್ತರಕ್ಕೆ ಮೊಬೈಲು ಹಿಡಿದು, ಫ್ಲ್ಯಾಶ್ ಆರಿಸಿ ತೆಗೆಯಿರಿ ಎಂದು ಎಲ್ಲರಿಗೂ ಹೇಳಿದೆ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇರಲಿ ಎಂದೆ. ಆ ಹಾಳೆ ಪರದೆಯ ಮೇಲೆ ಬಿಳಿಯಾಗಿಯೇ ಕಾಣುವವರೆಗೆ ಬಣ್ಣ ಸರಿಪಡಿಸಿದರೆ ಮಣ್ಣೂ ತನ್ನ ಬಣ್ಣಕ್ಕೆ ಮರಳುತ್ತದೆ. ಕೆಲಗೇರಿಯ ದಂಡೆಯ ಒಂದು ಜಲವರ್ಣ ಹೀಗೆ ಮೂರನೆಯ ಪ್ರಯತ್ನಕ್ಕೆ ಸರಿಹೋದಾಗ ರಾತ್ರಿ ಹನ್ನೊಂದಾಗಿತ್ತು. ಅದನ್ನು ಬರೆದ ಹಿರಿಯರಿಗೆ ಕಳಿಸಿದೆ. "ಇದು ನನ್ನ ಮಣ್ಣು" ಎಂದಷ್ಟೇ ಉತ್ತರ ಬಂತು.

ಕಸೂತಿ ಹಾಕುವ ಅಕ್ಕನವರದು ಬೇರೆಯೇ ತಕರಾರು. ಚಂದ್ರಕಾಳಿ ಎಂಬ ಕಪ್ಪು ಸೀರೆಯ ಮೇಲೆ ಅವರು ಗೋಪುರ, ತೇರು, ತುಳಸಿ ವೃಂದಾವನ ಹಾಕಿದ್ದರು. ಫೋಟೊ ಚೆನ್ನಾಗಿಯೇ ಬಂದಿತ್ತು. ಅವರು ಮಾತ್ರ ಒಪ್ಪಲಿಲ್ಲ. "ತಂಗಿ, ಹಿಂಬದಿಯದು ಎಲ್ಲಿ?" ಎಂದು ಕೇಳಿದರು. ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿ ಮತ್ತು ಮುರಗಿಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣಬೇಕು, ದಾರಕ್ಕೆ ಗಂಟು ಹಾಕುವಂತಿಲ್ಲ. ಹೋದ ದಾರಿಯಲ್ಲೇ ಎಳೆ ಎಣಿಸುತ್ತ ಹಿಂದಿರುಗಿ ಬಿಟ್ಟ ಜಾಗಗಳನ್ನು ತುಂಬಬೇಕು. ಕಸೂತಿ ಬಲ್ಲವರು ಸೀರೆ ಕೈಗೆ ಸಿಕ್ಕ ತಕ್ಷಣ ತಿರುವಿ ನೋಡುತ್ತಾರೆ. "ತಿರುವಿ ನೋಡಲಾಗದ ಮೇಲೆ ಅದನ್ನು ಅಚ್ಚು ಹಾಕಿದ್ದಾರೋ ಹೊಲಿದಿದ್ದಾರೋ ಯಾರಿಗೆ ತಿಳಿಯಬೇಕು?" ಎಂದರು ಅಕ್ಕ. ಅವರು ಹೇಳಿದ್ದೇ ಸರಿ. ಮುಂಬದಿ, ಹಿಂಬದಿ ಎರಡನ್ನೂ ಜೊತೆಯಾಗಿ ಇಟ್ಟೆವು. ಇಡೀ ಪ್ರದರ್ಶನದಲ್ಲಿ ಅತಿ ಹೆಚ್ಚು ಹೊತ್ತು ಜನ ನಿಂತು ನೋಡಿದ್ದು ಆ ಹಿಂಬದಿಯನ್ನು.

ಕಲಘಟಗಿಯ ಬಣ್ಣದ ತೊಟ್ಟಿಲನ್ನೂ ಸೇರಿಸಬೇಕೆಂದು ನನಗೆ ಹಠವಿತ್ತು. ಅದು ಚಿತ್ರವಲ್ಲ, ಮರಗೆಲಸ ಎಂದು ಗುಂಪಿನಲ್ಲಿ ಒಬ್ಬಿಬ್ಬರು ಗೊಣಗಿದರು. ಬಾಲಕೃಷ್ಣನ ಲೀಲೆಗಳನ್ನು ತೊಟ್ಟಿಲ ಪಟ್ಟಿಗಳ ಮೇಲೆ ಬರೆಯುವ ಕೈ ಚಿತ್ರಕಾರನದಲ್ಲದೆ ಮತ್ತೆ ಯಾರದು? ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳು ಕಣ್ಣು ಬಿಟ್ಟು ನೋಡಿದ ಮೊದಲ ಚಿತ್ರವೇ ಅದು. ತೊಟ್ಟಿಲು ಮಾಡುವವರು ಸ್ಥಿರಚಿತ್ರ ಕಳಿಸಲಿಲ್ಲ. ತೊಟ್ಟಿಲು ತೂಗುತ್ತಿರುವ ಅರ್ಧ ನಿಮಿಷದ ವಿಡಿಯೊ ಕಳಿಸಿದರು. ಅದರ ಬಗ್ಗೆ ಮತ್ತೆ ಯಾರೂ ಮಾತೆತ್ತಲಿಲ್ಲ.

ಪ್ರದರ್ಶನವನ್ನು ಅಂತರ್ಜಾಲಕ್ಕೆ ಏರಿಸಲು ನೆರವಾದವನು ಗುಂಪಿನ ಅತಿ ಕಿರಿಯ ಹುಡುಗ, ಎಂಜಿನಿಯರಿಂಗ್ ವಿದ್ಯಾರ್ಥಿ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರ 'ಮೃತ್ಯುಂಜಯ' ಮನೆಯನ್ನು ಅವನು ಇದ್ದಿಲಿನಲ್ಲಿ ಬರೆದಿದ್ದ. ಮೊದಲು ಅವನೊಂದು ಕೃತಕ ಸಭಾಂಗಣ ಸಿದ್ಧ ಮಾಡಿದ. ಹೊಳೆಯುವ ಅಮೃತಶಿಲೆಯ ನೆಲ, ಆಕಾಶದೆತ್ತರದ ಬಿಳಿ ಗೋಡೆ, ಬೆರಳಾಡಿಸಿದರೆ ಒಳಗೆ ನಡೆದಾಡಬಹುದು. ಅವನ ಶ್ರಮ ಕಂಡು ಬೇಡ ಎನ್ನಲು ಸಂಕಟವಾಯಿತು, ಆದರೂ ಬೇಡವೆಂದೆ. ಹಳ್ಳಿಯ ನೆಟ್‌ವರ್ಕಿನಲ್ಲಿ ಅದು ತೆರೆದುಕೊಳ್ಳುವಷ್ಟರಲ್ಲಿ ನೋಡುವವರ ತಾಳ್ಮೆ ಮುಗಿಯುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಸಾಧನಕೇರಿಯ ಚಿತ್ರಕ್ಕೆ ಅಮೃತಶಿಲೆಯ ನೆಲ ಏಕೆ? ಒಂದರ ಕೆಳಗೊಂದು ಚಿತ್ರ, ಪಕ್ಕದಲ್ಲಿ ಬರೆದವರ ಎರಡು ಸಾಲು. ಅಷ್ಟು ಸಾಕೆಂದು ತೀರ್ಮಾನಿಸಿದೆವು. ಹಿನ್ನೆಲೆ ಸಂಗೀತವನ್ನೂ ಕೈಬಿಟ್ಟೆವು.

ಪರದೆಯ ಮೇಲೆ ಅಳತೆ ಸತ್ತುಹೋಗುವುದಕ್ಕೆ ಮಾತ್ರ ಪೂರ್ತಿ ಪರಿಹಾರ ಸಿಗಲಿಲ್ಲ. ಆರಡಿಯ ಕ್ಯಾನ್ವಾಸೂ ಅಂಗೈಯಗಲದ ಪೆನ್ಸಿಲ್ ಚಿತ್ರವೂ ಮೊಬೈಲಿನಲ್ಲಿ ಒಂದೇ ಗಾತ್ರ. ಪ್ರತಿ ಚಿತ್ರಕ್ಕೂ ಅದನ್ನು ಬರೆದವರು ಪಕ್ಕದಲ್ಲಿ ನಿಂತಿರುವ ಇನ್ನೊಂದು ಫೋಟೊ ಸೇರಿಸಿದೆವು. ಮಾಸ್ಕ್ ಹಾಕಿಕೊಂಡು, ತಮ್ಮ ತಮ್ಮ ಪಡಸಾಲೆಯಲ್ಲಿ, ಚಿತ್ರದ ಪಕ್ಕ ಕೈಕಟ್ಟಿ ನಿಂತವರನ್ನು ಈಗ ನೋಡಿದರೂ ಗಂಟಲು ಬಿಗಿಯುತ್ತದೆ.

ಪಂಚಮಿಯ ದಿನ ನಾಲ್ಕು ಗಂಟೆಗೆ ವಿಡಿಯೊ ಕರೆಯಲ್ಲಿ ಎಲ್ಲರೂ ಸೇರಿದೆವು. ನಾನು ಒಂದೊಂದೇ ಚಿತ್ರ ತೋರಿಸುತ್ತ ಹೋಗುವುದು, ಬರೆದವರು ಮಾತಾಡುವುದು ಎಂದು ಲೆಕ್ಕ ಹಾಕಿದ್ದೆವು. ಐದನೆಯ ಚಿತ್ರಕ್ಕೆ ಆ ಲೆಕ್ಕ ತಪ್ಪಿತು. ನೋಡಲು ಬಂದವರೇ ಮಾತಾಡತೊಡಗಿದರು. ಲೈನ್ ಬಜಾರದ ಚಿತ್ರ ಬಂದಾಗ ಮಸ್ಕತ್ತಿನಲ್ಲಿದ್ದ ಒಬ್ಬರು ಪೇಢೆಯ ಖೋವಾ ಹುರಿಯುವ ವಾಸನೆಯ ಬಗ್ಗೆ ಹೇಳಿದ್ದೇ ಹೇಳಿದ್ದು. ಕರ್ನಾಟಕ ಕಾಲೇಜಿನ ಕಟ್ಟಡ ಕಂಡು ಯಾರೋ ಅಳುತ್ತಿದ್ದರು. ಧ್ವನಿ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ನನ್ನ ತಂಗಿ ಪುಣೆಯ ಅಡುಗೆಮನೆಯಲ್ಲಿ ನಿಂತೇ ನೋಡುತ್ತಿದ್ದಳು, ಹಿಂದೆ ಕಡಾಯಿಯಲ್ಲಿ ಏನೋ ಕರಿಯುತ್ತಿತ್ತು.

ನನ್ನ ಚಿತ್ರ ಕೊನೆಯಲ್ಲಿತ್ತು. ನಮ್ಮ ಓಣಿಯ ಹುಣಸೆ ಮರ, ಅದಕ್ಕೊಂದು ಜೋಕಾಲಿ. ಆ ವರ್ಷ ಮರಕ್ಕೆ ಯಾರೂ ಹಗ್ಗ ಕಟ್ಟಿರಲಿಲ್ಲವಾದ್ದರಿಂದ ಜೋಕಾಲಿಯನ್ನು ನೆನಪಿನಿಂದ ಬರೆದಿದ್ದೆ. ಯಾರೋ ಚೆನ್ನಾಗಿದೆ ಎಂದರು. ಆಗ ಸೊಲ್ಲಾಪುರದಿಂದ ಒಂದು ವಯಸ್ಸಾದ ಹೆಣ್ಣು ಧ್ವನಿ, "ಹಗ್ಗ ಆ ಕೊಂಬೆಗಲ್ಲವ್ವ" ಎಂದಿತು. ಮೊಮ್ಮಗಳು ಹಿಡಿದ ಮೊಬೈಲಿನಲ್ಲಿ ಅವರ ಹಣೆ, ಬಿಳಿ ಕೂದಲಷ್ಟೇ ಕಾಣುತ್ತಿದ್ದವು. ನಮ್ಮ ಓಣಿಯಲ್ಲಿ ಹುಟ್ಟಿ ಬೆಳೆದು, ನಾನು ಹುಟ್ಟುವ ಮೊದಲೇ ಲಗ್ನವಾಗಿ ಹೋದವರಂತೆ. "ನೀನು ಬರೆದ ಕೊಂಬೆ ಬಾವಿಯ ಕಡೆಗಿದೆ. ಅದಕ್ಕೆ ಕಟ್ಟಲು ನಮ್ಮಪ್ಪ ಬಿಡುತ್ತಿರಲಿಲ್ಲ. ಇನ್ನೊಂದು ಬದಿಗೆ, ಗುಡಿಯ ಕಡೆ ಬಾಗಿದ ಕೊಂಬೆ ಇದೆ ನೋಡು. ಹಗ್ಗ ತಿಕ್ಕಿ ತಿಕ್ಕಿ ಅದು ಸವೆದಿತ್ತು" ಎಂದರು. ಬಾವಿ ಎಲ್ಲಿತ್ತು ಎಂದು ಕೇಳಿದೆ. ನಮ್ಮ ಓಣಿಯಲ್ಲಿ ಬಾವಿ ಇದ್ದದ್ದೇ ನನಗೆ ತಿಳಿದಿರಲಿಲ್ಲ. ಈಗ ಬೈಕುಗಳನ್ನು ನಿಲ್ಲಿಸುವ ಚಪ್ಪಟೆ ಕಲ್ಲುಗಳಿರುವ ಜಾಗವನ್ನು ಅವರು ಅಷ್ಟು ದೂರದಿಂದ ಕರಾರುವಾಕ್ಕಾಗಿ ಹೇಳಿದರು.

ಮರುದಿನ ಬೆಳಿಗ್ಗೆ ಕೊಡೆ ಹಿಡಿದು ಮರದ ಕೆಳಗೆ ಹೋದೆ. ಓಣಿಯಲ್ಲಿ ಯಾರೂ ಇರಲಿಲ್ಲ. ಗುಡಿಯ ಕಡೆಗೆ ಬಾಗಿದ ಕೊಂಬೆ ನನ್ನ ಕೈಗೆಟುಕಲಿಲ್ಲ. ಎದುರು ಮನೆಯಿಂದ ಸ್ಟೂಲು ತರಿಸಿಕೊಂಡು ಹತ್ತಿ, ತೊಗಟೆಯ ಮೇಲಿನ ಹಸಿರು ಪಾಚಿಯನ್ನು ಬೆರಳಿನಿಂದ ಒರೆಸಿದೆ. ಒಂದು ಮೊಳದ ಅಂತರದಲ್ಲಿ ಎರಡು ಕಡೆ ಕೊಂಬೆ ಒಳಕ್ಕೆ ಸವೆದಿತ್ತು. ಎರಡೂ ಗುಳಿಗಳಲ್ಲಿ ಮಳೆನೀರು ನಿಂತಿತ್ತು.